ಅರ್ಥಶಾಸ್ತ್ರದ ಪ್ರಾಜೆಕ್ಟ್: ಟಾಪಿಕ್ ಹುಡುಕುವುದರಿಂದ ವೈವಾ ತನಕ

ಪ್ರಾಜೆಕ್ಟ್ ಸೆಮಿಸ್ಟರ್ ಶುರುವಾಗಿ ಹದಿನೈದು ದಿನ ಕಳೆದರೆ ಸಾಕು, ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರತೊಡಗುತ್ತವೆ. “ಮೇಡಂ, ಒಂದ್ ಟಾಪಿಕ್ ಕೊಡ್ರೀ.” ದೇವದುರ್ಗದಿಂದ, ಸಿಂಧನೂರಿನಿಂದ, ಗಂಗಾವತಿಯಿಂದ, ಸಿರುಗುಪ್ಪದಿಂದ. ತಿಂಗಳು ಬಿಟ್ಟು ಇನ್ನೊಂದು: “ಮೇಡಂ, ರೆಡಿ ಪ್ರಶ್ನಾವಳಿ ಇದ್ರ ಕಳಸ್ರಿ.” ಸಬ್‌ಮಿಷನ್‌ಗೆ ನಾಲ್ಕು ದಿನ ಇದ್ದಾಗ ಕೊನೆಯದು: “ಮೇಡಂ, ಅನಾಲಿಸಿಸ್ ಹೆಂಗ್ ಮಾಡ್ಬೇಕು?” ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ. ಎಲ್ಲವನ್ನೂ ಒಂದೇ ಕಡೆ ಹೇಳಿಬಿಡುತ್ತೇನೆ.

ಇದು ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಎಂ.ಎ. ವಿದ್ಯಾರ್ಥಿಗಳಿಗೆ, ಜೊತೆಗೆ ಪ್ರಾಜೆಕ್ಟ್ ಇರುವ ಡಿಗ್ರಿ ಕೊನೇ ವರ್ಷದವರಿಗೆ. ಡಿಗ್ರಿಯವರು ಹಂತ 6ರಲ್ಲಿ ಶೇಕಡಾವಾರು ಮತ್ತು ಮಧ್ಯಾಂಕದವರೆಗೆ ಮಾಡಿದರೆ ಸಾಕು.

ಏನೇನು ಬೇಕು? ಮೂರು ತಿಂಗಳ ಸಮಯ. ಒಂದು ದಪ್ಪ ನೋಟ್‌ಬುಕ್. ಎಕ್ಸೆಲ್ ಅಥವಾ ಗೂಗಲ್ ಶೀಟ್ ಓಡುವ ಕಂಪ್ಯೂಟರ್, ಕಾಲೇಜಿನದ್ದಾದರೂ ನಡೆಯುತ್ತದೆ. ಊರಿಂದೂರಿಗೆ ಓಡಾಡಲು ಬಸ್ ಚಾರ್ಜು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಆ ಖರ್ಚೂ ಇಲ್ಲ. ಫಾರಂ ಜೆರಾಕ್ಸ್‌ಗೆ ಸ್ವಲ್ಪ ದುಡ್ಡು. ಇಷ್ಟೇ. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಬೇಡ.

ಹಂತ 1: ಟಾಪಿಕ್ ಬಿಡಿ, ಪ್ರಶ್ನೆ ಹುಡುಕಿ

“ಕಲ್ಯಾಣ ಕರ್ನಾಟಕದ ಕೃಷಿ ಅಭಿವೃದ್ಧಿ: ಒಂದು ಅಧ್ಯಯನ.” ಇಂಥ ಶೀರ್ಷಿಕೆ ಕಂಡರೆ ನನಗೆ ಗಾಬರಿ. ಏಳು ಜಿಲ್ಲೆಗಳನ್ನು ಮೂರು ತಿಂಗಳಲ್ಲಿ ಒಬ್ಬ ವಿದ್ಯಾರ್ಥಿ ಏನಂತ ಅಧ್ಯಯನ ಮಾಡಬೇಕು? ಸರ್ಕಾರ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿಯನ್ನೇ ಕೂರಿಸಿ ಆ ಕೆಲಸ ಮಾಡಿಸಿತು. 2002ರಲ್ಲಿ ಬಂದ ಆ ವರದಿ 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ನಿಮ್ಮ ಕೆಲಸ ಅದಲ್ಲ.

ನಿಮ್ಮ ವಿಷಯವನ್ನು ಒಂದೇ ವಾಕ್ಯದಲ್ಲಿ, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆಯಿರಿ. ಬರೆಯಲು ಬರುತ್ತಿಲ್ಲ ಅಂದರೆ ಪ್ರಶ್ನೆ ಇನ್ನೂ ಸಿಕ್ಕಿಲ್ಲ ಅಂತ ಅರ್ಥ. ಬರೆದ ಮೇಲೆ ಇನ್ನೊಂದು ಪರೀಕ್ಷೆ: ಅದಕ್ಕೆ “ಇಲ್ಲ” ಎನ್ನುವ ಉತ್ತರವೂ ಬರಬಹುದಾ? “ನೀರಾವರಿಯಿಂದ ರೈತರಿಗೆ ಲಾಭವೇ?” ಅಂದರೆ ಉತ್ತರ ಮೊದಲೇ ಗೊತ್ತು. ಅದಕ್ಕೆ ಐವತ್ತು ಮನೆ ತಿರುಗಬೇಕಾಗಿಲ್ಲ.

ಕೆಲವು ಉದಾಹರಣೆ ಕೊಡುತ್ತೇನೆ. ಇವನ್ನೇ ಎತ್ತಿಕೊಂಡು ಹೋಗಬೇಡಿ, ಹೇಗೆ ಸಣ್ಣದು ಮಾಡುವುದು ಅಂತ ನೋಡಿ.

ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ಕಡೆಗೆ ಬರುತ್ತದೆ. ಮೇಲ್ಭಾಗದಲ್ಲಿ ಭತ್ತ ತುಂಬಿ ತುಳುಕುತ್ತಿದ್ದರೆ ಕೊನೆಭಾಗದವರು ನೀರಿಗಾಗಿ ಧರಣಿ ಕೂರುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಕಥೆ. ಇದನ್ನು “ಒಂದೇ ಉಪಕಾಲುವೆಯ ಮೇಲಿನ ಊರಿನಲ್ಲಿ ಮತ್ತು ಕೊನೆಯ ಊರಿನಲ್ಲಿ ಭತ್ತದ ಎಕರೆವಾರು ಖರ್ಚು ಬೇರೆ ಬೇರೆ ಇದೆಯೇ?” ಅಂತ ಕೇಳಿದರೆ ಎರಡು ಊರಿನ ಕೆಲಸ ಆಯಿತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಆ ವರ್ಷ ಈ ಎರಡು ಊರಿನವರು ಏನು ಬಿತ್ತಿದರು ಎಂದು ಕೇಳಿದರೆ ಇನ್ನೂ ಸಣ್ಣದಾಗುತ್ತದೆ, ಇನ್ನೂ ಚೆನ್ನಾಗಿರುತ್ತದೆ.

ಬಳ್ಳಾರಿಯವರಿಗೆ ಜೀನ್ಸ್ ಇದೆ. “ಬಳ್ಳಾರಿ ಜೀನ್ಸ್ ಉದ್ಯಮ” ಅಂತ ಹೋಗಬೇಡಿ. ಪೀಸ್ ಲೆಕ್ಕದಲ್ಲಿ ಮನೆಯಲ್ಲೇ ಕೆಲಸ ಮಾಡುವ ಹೆಂಗಸರಿಗೆ ಗಂಟೆಗೆ ಎಷ್ಟು ಬೀಳುತ್ತದೆ ಎಂದು ಕೇಳಿ. ಅವರು ಪೀಸಿಗೆ ಎಷ್ಟು ಎನ್ನುತ್ತಾರೆ, ಗಂಟೆಯ ಲೆಕ್ಕ ಹಾಕಿರುವುದಿಲ್ಲ. ಆ ಲೆಕ್ಕ ಹಾಕಿಕೊಡುವುದೇ ನಿಮ್ಮ ಪ್ರಾಜೆಕ್ಟ್.

ಗೃಹಲಕ್ಷ್ಮಿ ಬಗ್ಗೆ ಈಗ ಹತ್ತರಲ್ಲಿ ಮೂವರು ಮಾಡುತ್ತಾರೆ. “ಯೋಜನೆಯ ಪ್ರಭಾವ” ಅಂತ ಹೆಸರಿಟ್ಟರೆ ಒಂದು ತೊಂದರೆ ಇದೆ. ಊರಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ದುಡ್ಡು ಬರುತ್ತಿದ್ದರೆ ಯಾರ ಜೊತೆ ಹೋಲಿಸುತ್ತೀರಿ? ಅದರ ಬದಲು, ಎರಡು ಸಾವಿರ ಬಂದ ದಿನ ಬ್ಯಾಂಕಿಗೆ ಹೋದವರು ಯಾರು, ಮೊದಲ ಖರ್ಚು ಯಾವುದು, ಅದನ್ನು ನಿರ್ಧರಿಸಿದವರು ಯಾರು ಅಂತ ಕೇಳಿ. ಇದಕ್ಕೆ ಉತ್ತರ ಸಿಗುತ್ತದೆ.

ಹಂತ 2: ಹಿಂದೆ ಯಾರು ಏನು ಮಾಡಿದ್ದಾರೆ ನೋಡಿ

ಶೋಧಗಂಗಾ ಎನ್ನುವ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ನಿಮ್ಮ ವಿಷಯದ ನಾಲ್ಕೈದು ಪ್ರಬಂಧ ಇಳಿಸಿಕೊಳ್ಳಿ. ಪೂರ್ತಿ ಓದುವುದು ಬೇಡ. ಪ್ರಶ್ನೆ ಏನಿತ್ತು, ಎಷ್ಟು ಜನರನ್ನು ಕೇಳಿದರು, ಏನು ಸಿಕ್ಕಿತು ಅಂತ ಮೂರು ಸಾಲು ಬರೆದಿಟ್ಟುಕೊಳ್ಳಿ. ಕೊನೆಯಲ್ಲಿರುವ ಪ್ರಶ್ನಾವಳಿಯನ್ನು ಮಾತ್ರ ಗಮನವಿಟ್ಟು ನೋಡಿ. ಒಂದು ವಾರಕ್ಕಿಂತ ಜಾಸ್ತಿ ಇಲ್ಲಿ ಕೂರಬೇಡಿ.

ಹಂತ 3: ಸರ್ಕಾರಿ ಅಂಕಿಅಂಶ, ಮತ್ತು ಜಿಲ್ಲೆಯ ಗಡಿ ಎಂಬ ಗುಂಡಿ

ಬೇರೆಯವರು ಈಗಾಗಲೇ ಕೂಡಿಸಿಟ್ಟ ಅಂಕಿಅಂಶಕ್ಕೆ ದ್ವಿತೀಯಕ ದತ್ತಾಂಶ ಎನ್ನುತ್ತಾರೆ. ನೀವೇ ಹೋಗಿ ಕೇಳಿ ತಂದದ್ದು ಪ್ರಾಥಮಿಕ ದತ್ತಾಂಶ. ಮೊದಲನೆಯದು ಎಲ್ಲಿ ಸಿಗುತ್ತದೆ? ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿ ಕಚೇರಿ ಪ್ರತಿ ವರ್ಷ ಜಿಲ್ಲೆಯ ಅಂಕಿಅಂಶಗಳ ಪುಸ್ತಕ ತರುತ್ತದೆ, ತಾಲ್ಲೂಕುವಾರು ಬೆಳೆ, ಮಳೆ, ಶಾಲೆ, ಬ್ಯಾಂಕು ಎಲ್ಲ ಅದರಲ್ಲಿ ಇರುತ್ತದೆ. ಬಜೆಟ್ ಹೊತ್ತಿಗೆ ಬರುವ ಕರ್ನಾಟಕ ಆರ್ಥಿಕ ಸಮೀಕ್ಷೆ ಇದೆ. ಮಾರುಕಟ್ಟೆ ದರ, ಆವಕ ಬೇಕಿದ್ದರೆ ಅಗ್‌ಮಾರ್ಕ್‌ನೆಟ್ ಎನ್ನುವ ಸರ್ಕಾರಿ ಜಾಲತಾಣ. ರಾಯಚೂರು ಎಪಿಎಂಸಿಯ ಹತ್ತಿ ದರ ದಿನದ ಲೆಕ್ಕದಲ್ಲಿ ಸಿಗುತ್ತದೆ. ಆರೋಗ್ಯ, ಪೌಷ್ಟಿಕತೆಗೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಜಿಲ್ಲಾವಾರು ಹಾಳೆಗಳ ಸಮೇತ. ಜನಗಣತಿ ಅಂದರೆ ಸದ್ಯಕ್ಕೆ 2011ರದ್ದೇ, 2021ರಲ್ಲಿ ನಡೆಯಬೇಕಿದ್ದದ್ದು ನಡೆಯಲಿಲ್ಲ.

ಈಗ ಗುಂಡಿಯ ವಿಷಯ. ನಮ್ಮ ಭಾಗದ ಪ್ರಾಜೆಕ್ಟುಗಳಲ್ಲಿ ನಾನು ಅತಿ ಹೆಚ್ಚು ಕೆಂಪು ಗೆರೆ ಎಳೆಯುವುದು ಇಲ್ಲೇ. ಒಬ್ಬ ಹುಡುಗ ಬಳ್ಳಾರಿ ಜಿಲ್ಲೆಯ ಬಿತ್ತನೆ ಪ್ರದೇಶದ ಗ್ರಾಫ್ ತಂದಿದ್ದ. ಗೆರೆ ನೆಟ್ಟಗೆ ಹೋಗಿ ದೊಪ್ಪೆಂದು ಬಿದ್ದಿತ್ತು. “ಬರಗಾಲದಿಂದ ಕುಸಿತ” ಅಂತ ಕೆಳಗೆ ಬರೆದಿದ್ದ. ಬರಗಾಲ ಅಲ್ಲ, 2021ರಲ್ಲಿ ಜಿಲ್ಲೆಯೇ ಎರಡಾಗಿತ್ತು! ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಇವೆಲ್ಲ ವಿಜಯನಗರಕ್ಕೆ ಹೋದವು. ಬಳ್ಳಾರಿಗೆ ಉಳಿದದ್ದು ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು.

ಹರಪನಹಳ್ಳಿಯದ್ದು ಇನ್ನೂ ಗೋಜಲು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಆಮೇಲೆ ಬಳ್ಳಾರಿಗೆ ವಾಪಸ್ ಬಂತು, ಈಗ ವಿಜಯನಗರದಲ್ಲಿದೆ. ಹಾಗಾಗಿ 2011ರ ಜನಗಣತಿಯ ಬಳ್ಳಾರಿಯಲ್ಲಿ ಹೊಸಪೇಟೆ ಇದೆ, ಹರಪನಹಳ್ಳಿ ಇಲ್ಲ. ಕೊಪ್ಪಳದವರಿಗೂ ಹೀಗೇ. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ. 1991ರ ಗಣತಿಯಲ್ಲಿ ಕೊಪ್ಪಳ ಜಿಲ್ಲೆ ಅಂತ ಹುಡುಕಿದರೆ ಸಿಗುವುದಿಲ್ಲ, ರಾಯಚೂರಿನ ಒಳಗೆ ತಾಲ್ಲೂಕುವಾರು ನೋಡಬೇಕು. ಮಸ್ಕಿ, ಸಿರವಾರ, ಕಾರಟಗಿ, ಕನಕಗಿರಿ, ಕುಕನೂರು ಎಲ್ಲ ಹೊಸ ತಾಲ್ಲೂಕುಗಳು. 2011ರಲ್ಲಿ ಇವು ಬೇರೆ ತಾಲ್ಲೂಕಿನ ಹೊಟ್ಟೆಯೊಳಗಿದ್ದವು.

ಪರಿಹಾರ ಸುಲಭ. ನಿಮ್ಮ ಅವಧಿಯಲ್ಲಿ ಗಡಿ ಬದಲಾಗಿದ್ದರೆ ತಾಲ್ಲೂಕುವಾರು ಅಂಕಿ ತೆಗೆದುಕೊಂಡು ಹಳೆಯ ಗಡಿಗೆ ತಕ್ಕಂತೆ ನೀವೇ ಕೂಡಿಸಿ. ಯಾವ ಗಡಿ ಬಳಸಿದ್ದೀರಿ ಎಂದು ಟೇಬಲ್ ಕೆಳಗೆ ಒಂದು ಸಾಲು ಬರೆಯಿರಿ. ಆ ಒಂದು ಸಾಲಿಗೆ ಪರೀಕ್ಷಕರು ತಲೆದೂಗುತ್ತಾರೆ.

ಹಣದ ಅಂಕಿ ಬಂದರೆ ಇನ್ನೊಂದು ಎಚ್ಚರಿಕೆ. ಸಾಧಾರಣ ಭತ್ತದ ಬೆಂಬಲ ಬೆಲೆ 2014-15ರಲ್ಲಿ ಕ್ವಿಂಟಲ್‌ಗೆ 1,360 ರೂಪಾಯಿ ಇತ್ತು, 2024-25ರಲ್ಲಿ 2,300. ಶೇ 69 ಏರಿಕೆ. ಆದರೆ ಅದೇ ಹತ್ತು ವರ್ಷದಲ್ಲಿ ಗೊಬ್ಬರ, ಕೂಲಿ, ಡೀಸೆಲ್, ಮನೆಯ ಸಂತೆ ಖರ್ಚು ಎಲ್ಲವೂ ಏರಿವೆ ಅಲ್ವಾ? ಹಾಗಾಗಿ ವರ್ಷಗಳ ನಡುವೆ ಹಣ ಹೋಲಿಸುವಾಗ ಗ್ರಾಹಕ ಬೆಲೆ ಸೂಚ್ಯಂಕದಿಂದ ಭಾಗಿಸಿ ನೂರರಿಂದ ಗುಣಿಸಿ. ಇದಕ್ಕೆ ನೈಜ ಬೆಲೆ ಎನ್ನುತ್ತಾರೆ. ಭಾಗಿಸದೆ ಬಿಟ್ಟರೆ ಅದು ನಾಮಮಾತ್ರ ಬೆಲೆ, ರೈತನ ಸ್ಥಿತಿ ಸುಧಾರಿಸಿತು ಅಂತ ಅದರಿಂದ ಹೇಳಲು ಬರುವುದಿಲ್ಲ.

ಹಂತ 4: ಯಾವ ಊರು, ಯಾವ ಮನೆ

ಎಲ್ಲರನ್ನೂ ಕೇಳಲಾಗುವುದಿಲ್ಲ, ಕೆಲವರನ್ನು ಆರಿಸಿಕೊಳ್ಳಬೇಕು. ಆ ಕೆಲವರೇ ಮಾದರಿ, ಅಂದರೆ ಸ್ಯಾಂಪಲ್. ಎಷ್ಟು ಜನ ಎನ್ನುವುದಕ್ಕೆ ಎಲ್ಲರೂ ಯಮಾನೆ ಸೂತ್ರ ಹಾಕುತ್ತಾರೆ. ಒಟ್ಟು ಮನೆಗಳನ್ನು, ‘ಒಂದು ಕೂಡಿಸು ಒಟ್ಟು ಮನೆ ಗುಣಿಸು ತಪ್ಪಿನ ಅಳತೆಯ ವರ್ಗ’ ಇದರಿಂದ ಭಾಗಿಸುವುದು. ಊರಲ್ಲಿ 1,200 ಮನೆ ಇದ್ದು, ಶೇ 10ರಷ್ಟು (0.1) ತಪ್ಪು ಪರವಾಗಿಲ್ಲ ಅಂದರೆ ಅದರ ವರ್ಗ 0.01, ಹಾಗಾಗಿ 1,200 ಭಾಗಿಸು 13, ಅಂದರೆ ಸುಮಾರು 93 ಮನೆ. ಶೇ 5 ಅಂದರೆ 300 ಮನೆ.

ಈ ಸೂತ್ರವನ್ನು ದಪ್ಪಕ್ಷರದಲ್ಲಿ ಬರೆದು, ಆಮೇಲೆ ಸೋದರಮಾವನ ಊರಿಗೆ ಹೋಗಿ ಮಾವನ ಪರಿಚಯದ 93 ಜನರನ್ನು ಕೇಳಿ ಬರುವವರು ಬಹಳ. ಸೂತ್ರ ಕೆಲಸ ಮಾಡುವುದು ಪ್ರತಿ ಮನೆಗೂ ಆಯ್ಕೆಯಾಗುವ ಸಮಾನ ಅವಕಾಶ ಇದ್ದರೆ ಮಾತ್ರ. ಅದಕ್ಕೆ ಮೊದಲು ಮನೆಗಳ ಪಟ್ಟಿ ಬೇಕು. ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಇಲ್ಲವೇ ಅಂಗನವಾಡಿ ಟೀಚರ ಸರ್ವೆ ರಿಜಿಸ್ಟರ್ ನೋಡಲು ಸಿಗುತ್ತದೆಯೇ ವಿಚಾರಿಸಿ. 400 ಮನೆಯಲ್ಲಿ 50 ಬೇಕಿದ್ದರೆ ಎಂಟಕ್ಕೊಂದು. 1ರಿಂದ 8ರವರೆಗೆ ಚೀಟಿ ಎತ್ತಿ, ಬಂದ ನಂಬರಿನ ಮನೆಯಿಂದ ಶುರುಮಾಡಿ. 3 ಬಂದರೆ 3, 11, 19, 27, ಹೀಗೆ. ಸಿಂಧನೂರು, ಗಂಗಾವತಿ ಕಡೆಯವರು ಕ್ಯಾಂಪ್‌ಗಳನ್ನು, ಅಂದರೆ ಹೊರಗಿನಿಂದ ಬಂದು ನೆಲೆಸಿದವರ ವಸತಿಗಳನ್ನು ಮರೆಯಬೇಡಿ. ಪಟ್ಟಿಯಲ್ಲಿ ಕ್ಯಾಂಪಿನ ಮನೆಗಳು ಸೇರಿವೆಯೋ ಬಿಟ್ಟುಹೋಗಿವೆಯೋ ಕೇಳಿ ತಿಳಿದುಕೊಳ್ಳಿ.

ಈಗ 19ನೇ ಮನೆಗೆ ಹೋದಿರಿ. ಬೀಗ. ಏನು ಮಾಡುತ್ತೀರಿ? ತೊಂಬತ್ತು ಪಾಲು ವಿದ್ಯಾರ್ಥಿಗಳು ಪಕ್ಕದ ಮನೆಗೆ ಹೋಗುತ್ತಾರೆ. ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಿ.

ದೇವದುರ್ಗ, ಲಿಂಗಸೂಗೂರು, ಮಾನ್ವಿಯ ಒಣಭೂಮಿ ಊರುಗಳಲ್ಲಿ, ಕುಷ್ಟಗಿ, ಯಲಬುರ್ಗಾ ಕಡೆ, ಮುಂಗಾರಿನ ಸುಗ್ಗಿ ಮುಗಿದ ಮೇಲೆ ಬೀಗ ಅಂದರೆ ಬಹಳ ಸಲ ಗುಳೆ. ಮನೆಮಂದಿ ಬೆಂಗಳೂರಿಗೋ ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗಿರುತ್ತಾರೆ. ಪಕ್ಕದ ಮನೆಯಲ್ಲಿ ಸಿಗುವವರು ಯಾರು? ನೀರಾವರಿ ಇರುವವರು, ಅಂಗಡಿ ಇರುವವರು, ಇಲ್ಲವೇ ವಯಸ್ಸಾದವರು. ಬೀಗ ಬಿಟ್ಟು ಬೀಗ ಇಲ್ಲದ ಮನೆಗೆ ಹೋಗುತ್ತ ಹೋದರೆ ಊರಿನಲ್ಲಿ ಉಳಿದವರ ಕಥೆಯಷ್ಟೇ ನಿಮ್ಮ ಕೈಗೆ ಬರುತ್ತದೆ.

ಲೆಕ್ಕ ಹಾಕಿ ತೋರಿಸುತ್ತೇನೆ. 50 ಮನೆ ಆರಿಸಿದಿರಿ ಅಂದುಕೊಳ್ಳಿ. 35 ತೆರೆದಿವೆ, ಅವುಗಳಲ್ಲಿ 7 ಮನೆಯಿಂದ ಒಬ್ಬರಾದರೂ ಗುಳೆ ಹೋಗಿದ್ದಾರೆ. 15ಕ್ಕೆ ಬೀಗ, ಅವುಗಳಲ್ಲಿ 12 ಮನೆಯವರು ಗುಳೆ ಹೋಗಿದ್ದಾರೆ, 3 ಮನೆಯವರು ಮದುವೆಗೋ ಆಸ್ಪತ್ರೆಗೋ ಹೋಗಿದ್ದಾರೆ. ತೆರೆದ ಮನೆಗಳನ್ನಷ್ಟೇ ಲೆಕ್ಕ ಹಿಡಿದರೆ 35ಕ್ಕೆ 7, ಶೇ 20. ಎಲ್ಲ ಸೇರಿಸಿದರೆ 50ಕ್ಕೆ 19, ಶೇ 38. ಒಂದೇ ಊರು, ಒಂದೇ ದಿನ, ಉತ್ತರ ಹೆಚ್ಚುಕಡಿಮೆ ಇಮ್ಮಡಿ!

ಹಾಗಾಗಿ ಬೀಗದ ಮನೆಗೂ ಒಂದು ಸಣ್ಣ ಫಾರಂ ಇರಲಿ. ಕಟ್ಟೆಯ ಮೇಲೆ ಕೂತ ಅಜ್ಜಿಯನ್ನು ಕೇಳಿ. ಎಲ್ಲಿಗೆ ಹೋಗಿದ್ದಾರೆ, ಎಷ್ಟು ಜನ, ಯಾವಾಗಿನಿಂದ, ಮಕ್ಕಳು ಜೊತೆಗಿದ್ದಾರಾ ಅಥವಾ ಇಲ್ಲೇ ಬಿಟ್ಟಿದ್ದಾರಾ, ಯಾವಾಗ ಬರುತ್ತಾರೆ. ಐದೇ ಪ್ರಶ್ನೆ. ಯುಗಾದಿಗೆ, ಊರ ಜಾತ್ರೆಗೆ, ಅಲಾಯಿ ಹಬ್ಬಕ್ಕೆ (ಮೊಹರಂ) ವಾಪಸ್ ಬರುವವರು ಇರುತ್ತಾರೆ. ಆಗ ಮತ್ತೊಮ್ಮೆ ಹೋಗಿ ಬರಲು ಸಾಧ್ಯವಾದರೆ ನಿಮ್ಮ ಪ್ರಾಜೆಕ್ಟ್ ಉಳಿದವರದ್ದಕ್ಕಿಂತ ಬೇರೆಯೇ ಮಟ್ಟದಲ್ಲಿ ಇರುತ್ತದೆ.

ಹಂತ 5: ಪ್ರಶ್ನಾವಳಿ

“ಕಾಕಾ, ವರ್ಷಕ್ಕ ಆದಾಯ ಎಷ್ಟ್ರೀ?”

“ಎಲ್ಲಿ ಆದಾಯಪಾ ತಮ್ಮಾ, ಹಾಕಿದ್ದೇ ಬರವಲ್ದು.”

ಹುಡುಗ ಪೆನ್ನು ಹಿಡಿದು ಸುಮ್ನೆ ನಿಲ್ಲುತ್ತಾನೆ. ಕೊನೆಗೆ ಒಂದು ಲಕ್ಷ ಅಂತ ತಾನೇ ಬರೆದುಕೊಳ್ಳುತ್ತಾನೆ. ಕಾಕಾನ ತಪ್ಪಿಲ್ಲ. ಹಳ್ಳಿಯಲ್ಲಿ ಯಾರೂ ವರ್ಷದ ಆದಾಯ ಅಂತ ಲೆಕ್ಕ ಇಡುವುದಿಲ್ಲ. ಜೊತೆಗೆ ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.2 ಲಕ್ಷದ ಮಿತಿ ಇದೆ. ಅಪರಿಚಿತರು ಫಾರಂ ಹಿಡಿದು ಬಂದರೆ ಕಾರ್ಡು ರದ್ದು ಮಾಡಲು ಬಂದಿದ್ದಾರೆ ಎಂಬ ಅನುಮಾನ ಸಹಜ.

ಆದಾಯ ಕೇಳಲೇಬೇಡಿ, ಕಟ್ಟಿಕೊಳ್ಳಿ. ಎಷ್ಟು ಎಕರೆ ಭತ್ತ? ಎಕರೆಗೆ ಎಷ್ಟು ಚೀಲ? ಚೀಲ ಏನು ರೇಟಿಗೆ ಹೋಯಿತು? ಊಟಕ್ಕೆ ಎಷ್ಟು ಇಟ್ಟುಕೊಂಡಿರಿ? ಬೀಜ, ಗೊಬ್ಬರ, ಎಣ್ಣೆ (ಕೀಟನಾಶಕ), ನಾಟಿ, ಕಟಾವು ಮಷಿನ್ ಒಂದೊಂದಕ್ಕೂ ಎಷ್ಟು? ಹೀಗೆ ಕೇಳಿದರೆ ಕಾಕಾ ಬೆರಳು ಮಡಚಿ ಮಡಚಿ ಹೇಳುತ್ತಾರೆ. ಹತ್ತಿರದಲ್ಲಿ ಆದದ್ದು ಚೆನ್ನಾಗಿ ನೆನಪಿರುತ್ತದೆ. ಅದಕ್ಕೇ ಬೆಳೆ ಲೆಕ್ಕವನ್ನು ಹಿಂದಿನ ಒಂದು ಬೆಳೆಗೆ, ಕಿರಾಣಿ ಖರ್ಚನ್ನು ಕಳೆದ ಏಳು ದಿನಕ್ಕೆ ಮಾತ್ರ ಕೇಳಿ.

ನಮ್ಮ ಕಡೆ ಎಡವುವ ನಾಲ್ಕು ಜಾಗ ಹೇಳುತ್ತೇನೆ.

ಚೀಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಚೀಲ ಅಂದರೆ 75 ಕೆ.ಜಿ. ಎಕರೆಗೆ 40 ಚೀಲ ಅಂದರೆ 3,000 ಕೆ.ಜಿ., ಅಂದರೆ 30 ಕ್ವಿಂಟಲ್. ನಾನು ಎಂ.ಎ. ಮಾಡುವಾಗ ಚೀಲವನ್ನೇ ಕ್ವಿಂಟಲ್ ಅಂತ ಬರೆದುಕೊಂಡು ಬಂದಿದ್ದೆ. ಅರವತ್ತು ಫಾರಂ! ಇಳುವರಿ ಮೂರನೇ ಒಂದು ಪಾಲು ಉಬ್ಬಿತ್ತು. ಗೈಡ್ ನೋಡಿ, “ಯಾವ ಊರವ್ವಾ ಇದು, ನಾನೂ ಅಲ್ಲೇ ಹೊಲ ತಗೋತೀನಿ” ಅಂದಿದ್ದರು. ಯಾವ ಬೆಳೆಯೇ ಇರಲಿ, ಚೀಲ ಅಂದರೆ ಎಷ್ಟು ಕೆ.ಜಿ. ಎಂದು ಕೇಳಿಯೇ ಬರೆದುಕೊಳ್ಳಿ. ಫಾರಂನಲ್ಲೇ ಅದಕ್ಕೊಂದು ಖಾನೆ ಇರಲಿ.

ಬಡ್ಡಿ. “ಎರಡು ರೂಪಾಯಿ ಬಡ್ಡಿ” ಅಂದರೆ ನೂರಕ್ಕೆ ತಿಂಗಳಿಗೆ ಎರಡು. ವರ್ಷಕ್ಕೆ ಶೇ 24. ಮೂರು ರೂಪಾಯಿ ಅಂದರೆ ಶೇ 36. ಇದನ್ನು ವರ್ಷಕ್ಕೆ ಶೇ 2 ಅಂತ ಬರೆದು, “ಖಾಸಗಿ ಸಾಲ ಬ್ಯಾಂಕಿಗಿಂತ ಅಗ್ಗ” ಎಂದು ತೀರ್ಮಾನ ಕೊಟ್ಟ ಪ್ರಾಜೆಕ್ಟನ್ನು ನನ್ನ ಕಣ್ಣಾರೆ ನೋಡಿದ್ದೇನೆ.

ಸಂಘದ ಸಾಲ. ಸಂಘ ಅಂದರೆ ಸ್ತ್ರೀಶಕ್ತಿ ಗುಂಪೂ ಆಗಬಹುದು, ಸಹಕಾರ ಸಂಘವೂ ಆಗಬಹುದು, ವಾರವಾರ ಕಂತು ಕೇಳಲು ಬರುವ ಮೈಕ್ರೋ ಫೈನಾನ್ಸೂ ಆಗಬಹುದು. “ಕಂತು ವಾರಕ್ಕೋ ತಿಂಗಳಿಗೋ? ವಸೂಲಿಗೆ ಯಾರು ಬರ್ತಾರೆ?” ಎಂದರೆ ಯಾವುದು ಅಂತ ಗೊತ್ತಾಗುತ್ತದೆ. ವಸೂಲಿ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂಥ ವಿಷಯ ಇದು. ಸಾಲದ ಪ್ರಶ್ನೆಗಳನ್ನು ಫಾರಂನ ಕೊನೆಗಿಡಿ, ನಾಲ್ಕು ಜನ ಸೇರಿದ ಕಡೆ ಕೇಳಬೇಡಿ.

ಗುತ್ತಿಗೆ ಹೊಲ. ಲೀಜ್, ಲಾವಣಿ, ಗುತ್ತಿಗೆ, ಪಾಲು, ಊರಿಗೊಂದು ಮಾತು. ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಕೃಷಿಭೂಮಿ ಗೇಣಿಗೆ ಕೊಡುವುದಕ್ಕೆ ನಿರ್ಬಂಧ ಇದೆ. ಹಾಗಾಗಿ ವ್ಯವಹಾರವೆಲ್ಲ ಬಾಯಿಮಾತಿನಲ್ಲೇ. “ಲೀಜಿಗೆ ಮಾಡೀರೇನು?” ಎಂದು ನೇರ ಕೇಳಿದರೆ ಹೊಲ ಕೊಟ್ಟವರೂ ಇಲ್ಲ ಎನ್ನುತ್ತಾರೆ, ಮಾಡಿದವರೂ ಇಲ್ಲ ಎನ್ನುತ್ತಾರೆ. ಎರಡು ಪ್ರಶ್ನೆ ಮಾಡಿ: ಈ ವರ್ಷ ಒಟ್ಟು ಎಷ್ಟು ಎಕರೆ ಸಾಗು ಮಾಡಿದಿರಿ? ಪಹಣಿ ನಿಮ್ಮ ಮನೆಯವರ ಹೆಸರಿನಲ್ಲಿ ಇರುವುದು ಎಷ್ಟು? ಕಳೆದರೆ ಉತ್ತರ ಸಿಕ್ಕಿತು.

ಇನ್ನು ‘ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ’ ಎಂಬ ಐದು ಮೆಟ್ಟಿಲ ಪ್ರಶ್ನೆಗಳು. ಹೊಲದ ಬದುವಿನಲ್ಲಿ ನಿಂತು ಒಬ್ಬ ಅಕ್ಕನಿಗೆ “ನೀವು ತಟಸ್ಥರೇ?” ಎಂದು ಕೇಳಿ ನೋಡಿ. ನನಗಂತೂ ಇವು ಇಷ್ಟವಿಲ್ಲ. ಗೈಡ್ ಹಟ ಹಿಡಿದರೆ ಎರಡೋ ಮೂರೋ ಹಾಕಿ.

ಫಾರಂ ನಾಲ್ಕು ಪುಟ ದಾಟಬಾರದು, ಮಾತು ಅರ್ಧ ಗಂಟೆ ದಾಟಬಾರದು. ಪೂರ್ತಿ ಕೆಲಸ ಶುರುಮಾಡುವ ಮೊದಲು ಐದು ಮನೆಯಲ್ಲಿ ಕೇಳಿ ನೋಡಿ. ಇದಕ್ಕೆ ಪೈಲಟ್ ಎನ್ನುತ್ತಾರೆ. ಪೈಲಟ್ ಆದಮೇಲೆ ಫಾರಂನಲ್ಲಿ ಏನೂ ತಿದ್ದಬೇಕಾಗಿಲ್ಲ ಅಂದರೆ ನೀವು ಪೈಲಟ್ ಮಾಡಿಲ್ಲ ಅಂತಲೇ ನನ್ನ ಲೆಕ್ಕ.

ಊರಿಗೆ ಹೋಗುವಾಗ ವಿಭಾಗದಿಂದ ಪತ್ರ ಮಾಡಿಸಿಕೊಳ್ಳಿ, ಕಾಲೇಜ್ ಐಡಿ ಕಾಣುವಂತೆ ಇರಲಿ. ಮೊದಲು ಪಂಚಾಯಿತಿಗೆ ಹೋಗಿ ಹೇಳಿ. ಮನೆಯವರಿಗೆ ಮೊದಲ ಮಾತೇ ಹೀಗಿರಲಿ: “ನಾವು ಕಾಲೇಜಿನವ್ರು, ಓದಾಕ ಬರಕೊಳ್ಳಾಕ ಬಂದೀವಿ, ಸರ್ಕಾರದವ್ರಲ್ಲ. ಹೇಳಾಕ ಮನಸ್ಸಿಲ್ಲಂದ್ರ ಬ್ಯಾಡ್ರಿ.” ಸೌಲಭ್ಯ ಕೊಡಿಸುತ್ತೇನೆ ಎಂದು ಮಾತು ಕೊಡಬೇಡಿ. ಆಧಾರ್ ನಂಬರ್, ರೇಷನ್ ಕಾರ್ಡ್ ನಂಬರ್ ಬರೆದುಕೊಳ್ಳಬೇಡಿ, ಫೋಟೋ ತೆಗೆಯಬೇಡಿ. ಹೆಸರಿನ ಜಾಗದಲ್ಲಿ ಮನೆ ನಂಬರ್ ಇದ್ದರೆ ಸಾಕು. ಹತ್ತಿ ಬಿಡಿಸುವ ಕಾಲದಲ್ಲಿ ಬೆಳಿಗ್ಗೆ ಹತ್ತಕ್ಕೆ ಹೋದರೆ ಊರು ಖಾಲಿ. ಬೆಳಿಗ್ಗೆ ಏಳರೊಳಗೆ, ಇಲ್ಲವೇ ಸಂಜೆ ಆರರ ಮೇಲೆ ಹೋಗಿ. ಹುಡುಗಿಯರು ಇಬ್ಬಿಬ್ಬರು ಜೊತೆಯಾಗಿ ಹೋಗಿ, ಕೊನೇ ಬಸ್ಸಿನ ಟೈಮ್ ಮೊದಲೇ ಕೇಳಿಟ್ಟುಕೊಳ್ಳಿ.

ಹಂತ 6: ಲೆಕ್ಕ

ಅದೇ ದಿನ ರಾತ್ರಿ ಫಾರಂಗಳನ್ನು ಶೀಟಿಗೆ ಏರಿಸಿ. ಒಂದು ಮನೆಗೆ ಒಂದು ಅಡ್ಡಸಾಲು, ಒಂದು ಪ್ರಶ್ನೆಗೆ ಒಂದು ಕಾಲಂ. ಉತ್ತರ ಸಿಗದಿದ್ದರೆ ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ಸಾಲ ಇಲ್ಲದವರಿಗೆ ಸೊನ್ನೆ, ಸಾಲದ ಬಗ್ಗೆ ಹೇಳದವರಿಗೆ ಖಾಲಿ. ಎರಡೂ ಒಂದೇ ಮಾಡಿಬಿಟ್ಟರೆ ಆಮೇಲೆ ಬಿಡಿಸಲು ಬರುವುದಿಲ್ಲ.

ಸರಾಸರಿ ಹಾಕುವ ಮೊದಲು ಮಧ್ಯಾಂಕ ನೋಡಿ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆಯೇ ಮಧ್ಯಾಂಕ. ಐದು ಮನೆಯ ಹೊಲ 2, 2, 3, 3, 40 ಎಕರೆ ಅಂದರೆ ಸರಾಸರಿ 10, ಮಧ್ಯಾಂಕ 3. ಹತ್ತು ಎಕರೆಯವರು ಆ ಐದು ಮನೆಯಲ್ಲಿ ಒಬ್ಬರೂ ಇಲ್ಲ! ನಮ್ಮ ಊರುಗಳಲ್ಲಿ ಭೂಮಿ ಹಂಚಿಕೆ ಹೀಗೇ ಇರುವುದರಿಂದ ಎರಡನ್ನೂ ಕೊಡಿ.

ಎರಡು ಗುಂಪಿನ ಸರಾಸರಿ ಹೋಲಿಸಲು ಟಿ-ಪರೀಕ್ಷೆ. ಮೇಲ್ಭಾಗ-ಕೊನೆಭಾಗದ ಖರ್ಚಿನ ವ್ಯತ್ಯಾಸ ನಿಜವೋ, ನಮ್ಮ ಕೈಗೆ ಸಿಕ್ಕ ಮನೆಗಳ ಕಾಕತಾಳೀಯವೋ ಅಂತ ಹೇಳುತ್ತದೆ. ಹೌದು-ಇಲ್ಲ ಥರದ ಉತ್ತರಗಳಿಗೆ ಕೈ-ವರ್ಗ ಪರೀಕ್ಷೆ, ಅಂದರೆ ಕೈ-ಸ್ಕ್ವೇರ್ (chi-square). ಹಲವು ಕಾರಣಗಳನ್ನು ಒಟ್ಟಿಗೆ ಇಟ್ಟು ಒಂದೊಂದರ ಪಾಲು ಎಷ್ಟು ಎಂದು ನೋಡಲು ಹಿಂಚಲನೆ, ಅಂದರೆ ರಿಗ್ರೆಶನ್. ಮೂರಕ್ಕೂ ಗ್ರೆಟ್ಲ್ (gretl) ಅಥವಾ ಜಾಸ್ಪ್ (JASP) ಎನ್ನುವ ಸಾಫ್ಟ್‌ವೇರ್ ಸಾಕು, ಎರಡೂ ಪುಕ್ಕಟೆ. 50 ಮನೆ ಇಟ್ಟುಕೊಂಡು ಹನ್ನೆರಡು ಕಾರಣ ತುರುಕಬೇಡಿ. ಮೂರೋ ನಾಲ್ಕೋ ಸಾಕು.

‘ಇದರಿಂದ ಅದು ಆಯಿತು’ ಎಂದು ಬರೆಯುವ ಮೊದಲು ಮಾತ್ರ ಹತ್ತು ಸಲ ಯೋಚಿಸಿ. ಎರಡು ಜೊತೆಯಾಗಿ ಏರಿದವು ಅಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ. ಕಾರಣ ಹಿಡಿಯಬೇಕೆಂದರೆ ಒಳ್ಳೆಯ ಹೋಲಿಕೆ ಬೇಕು, ಅಂಥದ್ದೊಂದು ನಮ್ಮ ಮನೆಬಾಗಿಲಲ್ಲೇ ಇದೆ. ಉದ್ಯೋಗ ಖಾತ್ರಿ ಯೋಜನೆ ದೇಶಕ್ಕೆಲ್ಲ ಒಂದೇ ದಿನ ಬರಲಿಲ್ಲ. ರಾಯಚೂರಿಗೆ ಮೊದಲ ಹಂತದಲ್ಲಿ 2006ರಲ್ಲಿ, ಬಳ್ಳಾರಿಗೆ 2007ರಲ್ಲಿ, ಕೊಪ್ಪಳಕ್ಕೆ 2008ರಲ್ಲಿ ಬಂತು. ಅಕ್ಕಪಕ್ಕದ ಮೂರು ಜಿಲ್ಲೆ, ಮೂರು ವರ್ಷ. ಯೋಜನೆ ಬಂದ ಜಿಲ್ಲೆಯಲ್ಲಿ ಆದ ಬದಲಾವಣೆಯಿಂದ ಇನ್ನೂ ಬಾರದ ಜಿಲ್ಲೆಯಲ್ಲಿ ಆದ ಬದಲಾವಣೆ ಕಳೆದರೆ, ಉಳಿಯುವುದನ್ನು ಯೋಜನೆಯ ಪಾಲು ಎಂದು ನೋಡಬಹುದು. ಇದನ್ನು ವ್ಯತ್ಯಾಸಗಳ ವ್ಯತ್ಯಾಸ ಎನ್ನುತ್ತಾರೆ. ಇದರಲ್ಲೂ ಒಂದು ಪೇಚು ಇದೆ. ಮೊದಲ ಹಂತಕ್ಕೆ ಆರಿಸಿದ್ದೇ ಹೆಚ್ಚು ಹಿಂದುಳಿದ ಜಿಲ್ಲೆಗಳನ್ನು. 2011ರಲ್ಲೂ ರಾಯಚೂರಿನ ಸಾಕ್ಷರತೆ ಶೇ 59.56, ರಾಜ್ಯದ್ದು ಶೇ 75.36. ಹಾಗಾಗಿ ಯೋಜನೆಗೆ ಮೊದಲು ಮೂರೂ ಜಿಲ್ಲೆ ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದವೇ ಅಂತ ತೋರಿಸಬೇಕಾಗುತ್ತದೆ. ಎಂ.ಎ.ಯವರು ಪ್ರಯತ್ನಿಸಿ, ಡಿಗ್ರಿಯವರು ಓದಿಟ್ಟುಕೊಳ್ಳಿ.

ಹಂತ 7: ಬರವಣಿಗೆ ಮತ್ತು ವೈವಾ

ಮೊದಲ ಅಧ್ಯಾಯದಿಂದ ಶುರುಮಾಡಬೇಡಿ. ಟೇಬಲ್‌ಗಳನ್ನು ಮೊದಲು ಮಾಡಿ, ಪ್ರತಿ ಟೇಬಲ್ ಕೆಳಗೆ ಅದು ಏನು ಹೇಳುತ್ತಿದೆ ಎಂದು ನಾಲ್ಕು ಸಾಲು ಬರೆಯಿರಿ. ಪೀಠಿಕೆ ಕೊನೆಗೆ. ‘ಭಾರತ ಕೃಷಿ ಪ್ರಧಾನ ದೇಶ’ ಎಂಬ ವಾಕ್ಯವನ್ನು ಬಿಟ್ಟು ಬರೆಯಲು ಸಾಧ್ಯವಾ ನೋಡಿ.

ನಕಲು ವಿಷಯಕ್ಕೆ ಯುಜಿಸಿಯ 2018ರ ನಿಯಮ ಇದೆ. ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಅದರ ಮೇಲೆ ಹೋದಂತೆ ಕ್ರಮ ಬಿಗಿಯಾಗುತ್ತದೆ. ಕನ್ನಡದಲ್ಲಿ ಬರೆದರೆ ಯಾರೂ ಹಿಡಿಯುವುದಿಲ್ಲ ಎಂದುಕೊಳ್ಳಬೇಡಿ. ಬೇರೆ ಜಿಲ್ಲೆಯ ಪ್ರಬಂಧ ಎತ್ತಿ, ಊರ ಹೆಸರು ಮಾತ್ರ ಬದಲಿಸಿ, ನಡುವೆ ಎಲ್ಲೋ ‘ಕಬ್ಬು ಬೆಳೆಗಾರರು’ ಹಾಗೇ ಉಳಿದುಬಿಟ್ಟಿದ್ದನ್ನು ಹಿಡಿಯಲು ಸಾಫ್ಟ್‌ವೇರ್ ಬೇಕಿಲ್ಲ. ಎಐ ಕೈಲಿ ಬರೆಸುವವರಿಗೂ ಒಂದು ಮಾತು: ಅದು ಇಲ್ಲದ ಪುಸ್ತಕ, ಇಲ್ಲದ ಲೇಖಕರನ್ನು ಇದ್ದ ಹಾಗೆ ಬರೆದುಕೊಡುತ್ತದೆ. ಗ್ರಂಥಸೂಚಿಯಲ್ಲಿ ನೀವು ತೆರೆದು ನೋಡದ ಒಂದು ಹೆಸರೂ ಇರಬಾರದು.

ವೈವಾದಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಈ ಊರನ್ನೇ ಯಾಕೆ ಆರಿಸಿದಿರಿ? ಸಿಗದವರನ್ನು ಏನು ಮಾಡಿದಿರಿ? ಈ ಟೇಬಲ್‌ನಲ್ಲಿ ಒಟ್ಟು 50ರ ಬದಲು 47 ಯಾಕಿದೆ? ಮೊದಲ ಪ್ರಶ್ನೆಗೆ “ನಮ್ಮ ಅಜ್ಜಿ ಊರು, ಉಳಿಯಲು ಜಾಗ ಇತ್ತು” ಎಂದು ನಿಜ ಹೇಳಿದರೂ ನಡೆಯುತ್ತದೆ, ಅದನ್ನು ಊರು ಆರಿಸಿದ ಬಗೆ ಹೇಳುವ ಅಧ್ಯಾಯದಲ್ಲೂ ಬರೆದಿರಬೇಕು ಅಷ್ಟೇ. ತುಂಬಿದ ಫಾರಂಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ವೈವಾಕ್ಕೆ ಒಯ್ಯಿರಿ. ಬೀಗದ ಮನೆಗಳ ಫಾರಂ ಮೇಲುಗಡೆ ಇರಲಿ. ರಿಸಲ್ಟ್ ಬರುವ ತನಕ ಅವನ್ನು ರದ್ದಿಗೆ ಹಾಕಬೇಡಿ.